ಮಾಡೆಲ್ ಟಿ ಫೋರ್ಡ್‌ಗೆ ಯಾವ ಪೆಟ್ರೋಲು, ಸೂಜಿ ಎಷ್ಟು ಸುತ್ತು?

ಹಳೇ ಕಾರು ಸರಿಯಾಗಿ ಓಡದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರ್‌ಗೆ. ಅದು ಹೋಗಬೇಕಾದ್ದು ಕೊನೆಗೆ. ಸ್ಪಾರ್ಕ್, ವಾಲ್ವ್, ಪೆಟ್ರೋಲ್ ಹರಿವು, ಗಾಳಿ ಸೋರಿಕೆ ಈ ನಾಲ್ಕನ್ನೂ ನೋಡದೆ ಕಾರ್ಬುರೇಟರಿನ ಸೂಜಿಯನ್ನು (ಪೆಟ್ರೋಲಿನ ಪ್ರಮಾಣ ಹೆಚ್ಚುಕಡಿಮೆ ಮಾಡುವ ಚೂಪು ತಿರುಪನ್ನು) ತಿರುಗಿಸಿದರೆ ಮೂಲ ದೋಷ ಹಾಗೇ ಇರುತ್ತದೆ, ಸರಿಯಿದ್ದ ಸೂಜಿಯೂ ಕೆಡುತ್ತದೆ. ಈ ಲೇಖನ ಫೋರ್ಡ್ ಮಾಡೆಲ್ ಟಿ ಮತ್ತು ಅದರ ಹೋಲಿ ಎನ್‌ಎಚ್ ಕಾರ್ಬುರೇಟರ್ ಕುರಿತದ್ದು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಗಾಡಿ ಇದು. ಬಲಗೈ ಸ್ಟಿಯರಿಂಗ್‌ನ ಟಿಗಳು ಫೋರ್ಡ್‌ನ ಕೆನಡಾ ಶಾಖೆಯಿಂದ ನಮ್ಮ ದೇಶಕ್ಕೂ ಬಂದವು. ಹೋಲಿ ಎನ್‌ಎಚ್ 1920ರ ದಶಕದ ಟಿಗಳ ಮೇಲೆ ಬಂದದ್ದು. ಒಂದೇ ಸೂಜಿಯ ಈ ಸರಳ ಕಾರ್ಬುರೇಟರ್‌ನ ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಬೇರೆ ಗಾಡಿ ಇರುವವರಿಗೂ ಇದರ ತರ್ಕ ಉಪಯೋಗಕ್ಕೆ ಬರುತ್ತದೆ. ಅವರಿಗೆ ಬೇಕಾದ ವ್ಯತ್ಯಾಸವನ್ನು ಕೊನೆಯ ಕಡೆ ಹೇಳಿದೆ.

ಆಕ್ಟೇನ್‌ಗೆ ದುಡ್ಡು ಸುರಿಯಬೇಡಿ

ಟಿ ಎಂಜಿನ್‌ನ ಬೋರ್ (ಸಿಲಿಂಡರಿನ ವ್ಯಾಸ) ಮೂರೂ ಮುಕ್ಕಾಲು ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ನಾಲ್ಕು ಇಂಚು, ಒಟ್ಟು 2.9 ಲೀಟರ್. ನಿಮಿಷಕ್ಕೆ 1600 ಸುತ್ತಿನಲ್ಲಿ 20 ಅಶ್ವಶಕ್ತಿ. ಕಂಪ್ರೆಶನ್ ಅನುಪಾತ, ಎಂದರೆ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬುದು, ನಾಲ್ಕಕ್ಕೆ ಒಂದರ ಆಸುಪಾಸು. ಇಷ್ಟು ಕಡಿಮೆ ಕಂಪ್ರೆಶನ್ ಇರುವ ಎಂಜಿನ್‌ಗೆ ಬಂಕ್‌ನಲ್ಲಿ ಸಿಗುವ ಅತಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಸಿಡಿಯದೆ ತಾಳುವ ಗುಣದ ಅಳತೆ) ಕೂಡ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಆಕ್ಟೇನ್ ಎಂಬ ಅಳತೆಗೋಲೇ ಹುಟ್ಟಿದ್ದು ಟಿ ತಯಾರಿಕೆ ನಿಲ್ಲುವ ಹೊತ್ತಿಗೆ. ಲೀಟರ್‌ಗೆ ಹತ್ತಾರು ರೂಪಾಯಿ ಹೆಚ್ಚು ಕೊಟ್ಟು ಪ್ರೀಮಿಯಂ ಹಾಕಿಸಿದರೆ ಎಂಜಿನ್‌ಗೆ ಅದರ ಅರಿವೂ ಆಗುವುದಿಲ್ಲ. ಏರು ಹತ್ತುವಾಗ ಟಿ ‘ಟಕ ಟಕ’ ಎಂದು ನಾಕ್ ಹೊಡೆದರೆ ತಪ್ಪು ಪೆಟ್ರೋಲಿನದಲ್ಲ: ಕಿಡಿ ಹೊತ್ತುವ ಸಮಯ ಹಿಂದುಮುಂದು ಮಾಡುವ ಸ್ಪಾರ್ಕ್ ಲಿವರ್ ತೀರಾ ಕೆಳಗಿದೆ, ಇಲ್ಲವೇ ಪಿಸ್ಟನ್ ತಲೆಯ ಮೇಲೆ ಮಸಿ ಕಟ್ಟಿದೆ, ಇಲ್ಲವೇ ಬೇರಿಂಗ್ ಹೋಗಿದೆ.

ಸೀಸದ ಚಿಂತೆಯೂ ಬೇಡ. ಭಾರತದಲ್ಲಿ ಸೀಸರಹಿತ ಪೆಟ್ರೋಲು ಎಲ್ಲೆಡೆ ಕಡ್ಡಾಯವಾದದ್ದು 2000ದಲ್ಲಿ. 1950-60ರ ದಶಕದ ಕಾರುಗಳ ಮಾಲೀಕರು ವಾಲ್ವ್ ಸೀಟ್ ಸವೆಯುತ್ತದೆಂದು ಬಾಟಲಿಯ ‘ಲೆಡ್ ಬದಲಿ’ ಸುರಿಯುವುದಕ್ಕೆ ಅರ್ಥವಿರಬಹುದು. ಟಿಯ ವಿಷಯ ಬೇರೆ. ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿ ಮಾರಲು ಶುರು ಮಾಡಿದ್ದೇ 1923ರಲ್ಲಿ. ಅಷ್ಟರಲ್ಲಿ ಟಿಗೆ ಹದಿನೈದು ವರ್ಷ. ಬದಲಿಗೆ ವಾಲ್ವ್‌ಗಳನ್ನೇ ಒಮ್ಮೆ ನೋಡಿ. ಹಳೆಯ ಮೂಲ ವಾಲ್ವ್‌ಗಳಲ್ಲಿ ಬೀಡುಕಬ್ಬಿಣದ ತಲೆ ಬೇರೆ, ಉಕ್ಕಿನ ಕಡ್ಡಿ ಬೇರೆ. ನೂರು ವರ್ಷದ ಆ ಬೆಸುಗೆ ಬಿಟ್ಟು ತಲೆ ಸಿಲಿಂಡರ್ ಒಳಗೆ ಬಿದ್ದರೆ ಪಿಸ್ಟನ್ ಹೋಯಿತೆಂದೇ ಲೆಕ್ಕ. ಸೇರ್ಪಡೆ ಬಾಟಲಿಗೆ ಹಾಕುವ ದುಡ್ಡನ್ನು ಒಂದೇ ತುಂಡಿನ ಉಕ್ಕಿನ ವಾಲ್ವ್‌ಗಳಿಗೆ ಹಾಕಿ.

ನಿಜವಾಗಿ ಬದಲಾದದ್ದು

ಮೊದಮೊದಲ ಕಾರುಗಳ ಕಾಲದಲ್ಲಿ ಪೆಟ್ರೋಲನ್ನು ಅಳೆಯುತ್ತಿದ್ದುದು ಸಾಂದ್ರತೆಯಿಂದ. 1888ರಲ್ಲಿ ಕಾರು ನಿರ್ಮಾತೃ ಕಾರ್ಲ್ ಬೆನ್ಜ್‌ರ ಪತ್ನಿ ಬರ್ಥಾ ಬೆನ್ಜ್ ಜರ್ಮನಿಯ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡ ಲಿಗ್ರೋಯಿನ್ ಕೂಡ ಹೀಗೆ ಹಗುರವಾದ, ಬೇಗ ಆವಿಯಾಗುವ ದ್ರವವೇ. ಇಂಗ್ಲೆಂಡಿನಲ್ಲಿ 0.680 ಸಾಂದ್ರತೆಯ (ಲೀಟರ್‌ಗೆ 680 ಗ್ರಾಂ) ಪೆಟ್ರೋಲು ಎಂದರೆ ಒಳ್ಳೆಯ ಮಾಲು. ಕಾರುಗಳು ಹೆಚ್ಚಿದಂತೆ ಮಾಲು ಭಾರವಾಗುತ್ತ ಹೋಯಿತು. ಇವತ್ತಿನ ನಮ್ಮ ಪೆಟ್ರೋಲಿನ ಸಾಂದ್ರತೆ ಲೀಟರ್‌ಗೆ 720ರಿಂದ 775 ಗ್ರಾಂ. ಬಂಕ್‌ನಲ್ಲಿ ಆ ದಿನದ ಸಾಂದ್ರತೆ ಬರೆದಿರುತ್ತಾರೆ. ಹೈಡ್ರೋಮೀಟರ್ ಕೇಳಿ ಅಳೆಸಿ ನೋಡುವ ಹಕ್ಕು ನಿಮಗಿದೆ.

ಪೆಟ್ರೋಲನ್ನು ಬಟ್ಟಲಲ್ಲಿಟ್ಟು ಅದರ ಮೇಲೆ ಗಾಳಿ ಹಾಯಿಸುವ ಸರ್ಫೇಸ್ ಕಾರ್ಬುರೇಟರ್‌ಗಳಿಗೆ ಈಗಿನ ಮಾಲು ತೊಡಕು. ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ, ಅರ್ಧ ದಾರಿಯಲ್ಲಿ ಎಂಜಿನ್ ಸಪ್ಪೆಯಾಗುತ್ತದೆ. ಟಿಯಂಥ ಜೆಟ್ ಕಾರ್ಬುರೇಟರ್ ಜೆಟ್ ಎಂಬ ಸಣ್ಣ ತೂತಿನಿಂದ ಹನಿಯನ್ನೇ ಸಿಡಿಸುವುದರಿಂದ ಅದಕ್ಕೆ ಈ ಕಷ್ಟವಿಲ್ಲ.

ಟಿಗೆ ಕಷ್ಟವಿರುವುದು ಎಥನಾಲ್‌ನಿಂದ, ಎಂದರೆ ಮದ್ಯಸಾರದಿಂದ. ಶೇ. 20 ಎಥನಾಲ್ ಇರುವ ಇ20 ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲೆಲ್ಲ ಅದೇ. ಎಥನಾಲ್‌ನಿಂದ ಮೂರು ತೊಂದರೆ. ಮೊದಲನೆಯದು, ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿಯಾದರೆ ಇ20ಗೆ ಸುಮಾರು ಹದಿಮೂರೂವರೆ. ಸೂಜಿ ಹಳೇ ಜಾಗದಲ್ಲೇ ಇದ್ದರೆ ಮಿಶ್ರಣ ಏಳೆಂಟು ಪ್ರತಿಶತ ತೆಳುವಾಗುತ್ತದೆ, ಎಂದರೆ ಗಾಳಿಗೆ ತಕ್ಕ ಇಂಧನ ಇರುವುದಿಲ್ಲ. ಎರಡನೆಯದು, ಅದು ನೀರನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತವೆ, ಕಾರ್ಬುರೇಟರ್‌ಗೆ ಮೊದಲು ಹರಿಯುವುದೇ ಆ ತಳದ ಮಾಲು. ಮೂರನೆಯದು ಎಲ್ಲಕ್ಕಿಂತ ಕಿರಿಕಿರಿಯದು: ಅರಗು.

ಕಾರ್ಬುರೇಟರಿನ ಬೌಲ್ (ಪೆಟ್ರೋಲು ನಿಲ್ಲುವ ಬಟ್ಟಲು) ಒಳಗೆ ತೇಲುತ್ತ, ಮಟ್ಟ ಏರಿದಾಗ ಪೆಟ್ರೋಲು ಬರುವ ದಾರಿಯ ಸೂಜಿಯನ್ನು ಮುಚ್ಚುವ ಆ ಕಾಲದ ಫ್ಲೋಟ್‌ಗಳು ಬೆಂಡಿನವು, ಅಂದರೆ ಕಾರ್ಕ್‌ನವು. ಪೆಟ್ರೋಲು ಹೀರದಿರಲಿ ಎಂದು ಮೇಲೆ ಶೆಲ್ಯಾಕ್, ಎಂದರೆ ಅರಗಿನ ಲೇಪ. ಮರಕ್ಕೆ ಪಾಲಿಶ್ ಹೊಡೆಯುವವರು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಇ20ಯಲ್ಲಿ ಕೆಲವು ವಾರ ಮುಳುಗಿದ ಹಳೇ ಫ್ಲೋಟ್‌ನ ಲೇಪ ಅಂಟಂಟಾಗಿ, ಕಂದು ಲೋಳೆಯಾಗಿ ಆ ಸೂಜಿ ಕೂರುವ ಸೀಟಿಗೆ ಇಳಿಯುತ್ತದೆ. ಬರಿಯ ಬೆಂಡು ಪೆಟ್ರೋಲು ಕುಡಿದು ಭಾರವಾಗಿ ತಗ್ಗಿ ತೇಲುತ್ತದೆ, ಬೌಲ್‌ನ ಮಟ್ಟ ಏರುತ್ತದೆ, ಕಾರ್ಬುರೇಟರ್ ತೊಟ್ಟಿಕ್ಕತೊಡಗುತ್ತದೆ. ಮದ್ಯಸಾರವೇ ಮುಂದಿನ ಇಂಧನ ಎಂದು ಹೆನ್ರಿ ಫೋರ್ಡ್ ಹೇಳಿಕೊಂಡು ಓಡಾಡಿದ್ದು ನಿಜ. ತನ್ನ ಕಾರಿನ ಫ್ಲೋಟ್‌ಗೆ ಆ ಸುದ್ದಿ ಮುಟ್ಟಿರಲಿಲ್ಲ.

ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. 100 ಮಿ.ಲೀ. ಗೆರೆ ಇರುವ ಗಾಜಿನ ಅಳತೆ ಸಿಲಿಂಡರ್‌ಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲು ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ, ನಡುವೆ ಒಮ್ಮೆ ಮುಚ್ಚಳ ತೆರೆದು ಒತ್ತಡ ಬಿಡಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಎಥನಾಲ್ ನೀರಿನ ಜತೆ ಕೆಳಗಿಳಿದಿರುತ್ತದೆ. ಕೆಳಪದರ 28ರ ಹತ್ತಿರ ನಿಂತರೆ ಹೆಚ್ಚಾದದ್ದು 18. 90ರಲ್ಲಿ 18 ಎಂದರೆ ಶೇ. 20. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ಪರೀಕ್ಷೆ ಮಾಡಿದ ಮಾಲನ್ನು ಟ್ಯಾಂಕಿಗೆ ವಾಪಸು ಹಾಕಬೇಡಿ.

ಸೀಮೆಎಣ್ಣೆ ಬೆರೆಸಿದರೆ ‘ಹಳೇ ಕಾಲದ ಪೆಟ್ರೋಲ್’ ಆಗುತ್ತದೆ ಎಂಬ ಸಲಹೆ ಹಳೇ ಗ್ಯಾರೇಜುಗಳಲ್ಲಿ ಈಗಲೂ ಸಿಗುತ್ತದೆ. ಬೇಡ. ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಕೊಳವೆಯಾದ ತಣ್ಣಗಿನ ಮ್ಯಾನಿಫೋಲ್ಡ್‌ನಲ್ಲಿ ಸೀಮೆಎಣ್ಣೆ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಯ ಎಂಜಿನ್ ಆಯಿಲ್ ತೊಳೆದು ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಟಿಗೆ ಆಯಿಲ್ ಪಂಪೇ ಇಲ್ಲ, ಎರಚಾಟದಲ್ಲೇ ಬೇರಿಂಗ್‌ಗಳು ನೆನೆಯಬೇಕು. ತೆಳುವಾದ ಆಯಿಲ್ ಅದಕ್ಕೆ ವಿಷ. ಕ್ರ್ಯಾಂಕ್‌ಕೇಸ್‌ನ ಮೇಲಿನ ನಲ್ಲಿ ತೆರೆದಾಗ ನೀವು ಹಾಕದ ಆಯಿಲ್ ಸುರಿದರೆ ಅಥವಾ ಸುರಿದದ್ದು ಪೆಟ್ರೋಲ್ ವಾಸನೆ ಹೊಡೆದರೆ ಆಗಲೇ ಬೆರಕೆಯಾಗಿದೆ ಎಂದು ತಿಳಿಯಿರಿ.

ಇ20ಗೆ ಗಾಡಿಯನ್ನು ಸಿದ್ಧಪಡಿಸುವುದು

ಫ್ಲೋಟ್ ಬಿಚ್ಚಿ, ಬಿಸಿಲಲ್ಲಿ ಎರಡು ದಿನ ಒಣಗಿಸಿ, ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಜಾಡಿಯೊಂದರಲ್ಲಿ ಬಂಕ್‌ನ ಪೆಟ್ರೋಲು ತುಂಬಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಿ. ತೆಗೆದು ಒರೆಸಿ ಮತ್ತೆ ತೂಗಿ. ತೂಕ ಏರಿದ್ದರೆ, ಬೆರಳಿಗೆ ಅಂಟಿದರೆ, ಜಾಡಿಯ ಪೆಟ್ರೋಲು ಕಂದಾಗಿದ್ದರೆ ಆ ಲೇಪ ಹೋಯಿತು. ಹಳೇ ಅರಗನ್ನು ಸ್ಪಿರಿಟ್‌ನಲ್ಲಿ ತೊಳೆದು, ಬೆಂಡು ಪೂರ್ತಿ ಒಣಗಿದ ಮೇಲೆ ತೆಳುವಾದ ಸೂಪರ್ ಗ್ಲೂ ಮೂರ್ನಾಲ್ಕು ಪದರ ಹಚ್ಚುವವರಿದ್ದಾರೆ. ಪ್ರತಿ ಪದರವೂ ಒಣಗಬೇಕು, ಮುಗಿದ ಮೇಲೆ ಜಾಡಿ ಪರೀಕ್ಷೆ ಇನ್ನೊಮ್ಮೆ ಆಗಲೇಬೇಕು. ನಮ್ಮನ್ನು ಕೇಳಿದರೆ ಹಿತ್ತಾಳೆಯ ಅಥವಾ ಪೆಟ್ರೋಲು ಹೀರದ ನೈಟ್ರೈಲ್ ಫೋಮ್‌ನ ಹೊಸ ಫ್ಲೋಟ್ ತರಿಸಿ ಹಾಕುವುದೇ ಲೇಸು. ಹಿತ್ತಾಳೆಯದಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ಬೆಸುಗೆ ಬಿಟ್ಟಿದೆ.

ಮೂಲ ಗಾಡಿಯಲ್ಲಿ ರಬ್ಬರ್ ಪೈಪ್ ಇರಲಿಲ್ಲ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಲೋಹದ್ದೇ. ಯಾರೋ ನಡುವೆ ರಬ್ಬರ್ ತುಂಡು ಸೇರಿಸಿದ್ದರೆ ತೆಗೆದುಬಿಡಿ, ಇಲ್ಲವೇ ಎಥನಾಲ್ ತಾಳುವ ವೈಟಾನ್ ಪೈಪ್ ಹಾಕಿ. ಸಾಮಾನ್ಯ ರಬ್ಬರ್ ಒಳಗಿಂದ ಉಬ್ಬಿ ದಾರಿ ಕಟ್ಟುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಟ್ಯಾಂಕಿನ ಒಳಗೆ ಹಿಂದೆ ಯಾರಾದರೂ ಸೀಲರ್ ಬಳಿದಿದ್ದರೆ ಟಾರ್ಚ್ ಬಿಟ್ಟು ನೋಡಿ. ಹಳೇ ಸೀಲರ್‌ಗಳನ್ನು ಎಥನಾಲ್ ಎಬ್ಬಿಸಿ ಹಾಳೆ ಹಾಳೆಯಾಗಿ ಕಿತ್ತು ಹಾಕುತ್ತದೆ. ಟ್ಯಾಂಕಿನ ಕೆಳಗಿನ ಕಸದ ಬಟ್ಟಲಿನ ಹಿತ್ತಾಳೆ ಜಾಲರಿ ತೆಗೆದು ತೊಳೆಯಿರಿ. ಇ20ಗೆ ಬದಲಾದ ಮೊದಲ ಎರಡು ತಿಂಗಳು ಇದನ್ನು ಪದೇಪದೇ ಮಾಡಬೇಕಾದೀತು, ಏಕೆಂದರೆ ಎಥನಾಲ್ ಹಳೇ ಗೋಂದನ್ನೆಲ್ಲ ಸಡಿಲಿಸುತ್ತದೆ.

ಸೂಜಿ ಮುಟ್ಟುವ ಮೊದಲು

ಸ್ಪಾರ್ಕ್: ನಾಲ್ಕೂ ಕಾಯಿಲ್‌ಗಳು ಒಂದೇ ಸ್ವರದಲ್ಲಿ ಝುಂಯ್‌ಗುಟ್ಟಬೇಕು. ಒಂದು ಕೀಚಲಾಗಿ, ಇನ್ನೊಂದು ಗೊಗ್ಗರಾಗಿ ಇದ್ದರೆ ಪಾಯಿಂಟ್‌ಗಳನ್ನು ಸರಿಪಡಿಸುವ ತನಕ ಕಾರ್ಬುರೇಟರ್ ಮರೆತುಬಿಡಿ. ಪ್ಲಗ್ ಗ್ಯಾಪ್ 30 ಥೌ, ಎಂದರೆ ಮುಕ್ಕಾಲು ಮಿಲಿಮೀಟರ್. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ) 1-2-4-3. ಮುಂದಿನ ಕಾಲದ ಕಾರುಗಳ 1-3-4-2 ಅಭ್ಯಾಸದಲ್ಲಿ ವೈರ್ ಅದಲುಬದಲಾಗಿದ್ದರೆ ಕಾರ್ಬುರೇಟರ್ ಒಳಗಿಂದ ಸಿಡಿಯುತ್ತದೆ, ಪಾಪ ಬಯ್ಗುಳ ಸೂಜಿಗೆ. ಕಾಯಿಲ್‌ಗಳಿಗೆ ಸರದಿಯಂತೆ ವಿದ್ಯುತ್ ಕೊಡುವ ಟೈಮರ್‌ನ ರೋಲರ್ ಸವೆದಿದ್ದರೂ ಹಾಗೇ ಮಿಸ್ ಹೊಡೆಯುತ್ತದೆ.

ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಕಡ್ಡಿಗೂ ಅದನ್ನು ಎತ್ತುವ ಭಾಗಕ್ಕೂ ನಡುವಿನ ಸಂದು) ಒಂದು ಇಂಚಿನ 64ನೇ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು, 32ನೇ ಒಂದು ಭಾಗಕ್ಕಿಂತ ಹೆಚ್ಚಾಗಬಾರದು. ಎಂಜಿನ್ ಆಫ್ ಮಾಡಿ ಗಾಡಿಯ ಮುಂದಿನ ಸ್ಟಾರ್ಟಿಂಗ್ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಾಲ್ಕೂ ಸಿಲಿಂಡರ್‌ಗಳು ಕೈಗೆ ಒಂದೇ ಬಿಗಿ ಕೊಡಬೇಕು.

ಪೆಟ್ರೋಲ್ ಹರಿವು: ಇಲ್ಲಿ ಪಂಪ್ ಇಲ್ಲ, ಎಲ್ಲವೂ ಇಳಿಜಾರಿನ ಮೇಲೆ ನಿಂತಿದೆ. ಕಾರ್ಬುರೇಟರ್ ಕಡೆಯ ನಟ್ ಬಿಚ್ಚಿ ಪೈಪಿನ ತುದಿಯನ್ನು ಬಾಟಲಿಗೆ ಇಳಿಸಿ, ನಲ್ಲಿ ತೆರೆದು ಒಂದು ನಿಮಿಷ ಹಿಡಿಯಿರಿ. ಲೀಟರ್‌ಗೆ ಆರು ಕಿಲೋಮೀಟರ್ ಲೆಕ್ಕದಲ್ಲಿ ಗಂಟೆಗೆ 50 ಓಡಿದರೆ ನಿಮಿಷಕ್ಕೆ 140 ಮಿ.ಲೀ. ಬೇಕು. ಟ್ಯಾಂಕ್ ಕಾಲು ಭಾಗ ಇದ್ದಾಗ ಅದರ ಎರಡರಷ್ಟು, 280-300 ಮಿ.ಲೀ. ಬಿದ್ದರೆ ನಿಶ್ಚಿಂತೆ. ಶುರುವಿನಲ್ಲಿ ಧಾರಾಳವಾಗಿ ಬಿದ್ದು ಆಮೇಲೆ ಕ್ಷೀಣಿಸಿದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಮುಚ್ಚಿದೆ. ಮುಚ್ಚಳ ಸಡಿಲಿಸಿದ ಕೂಡಲೆ ಹರಿವು ಚೇತರಿಸಿಕೊಂಡರೆ ಖಾತ್ರಿ.

ಗಾಳಿ ಸೋರಿಕೆ: ಮ್ಯಾನಿಫೋಲ್ಡ್ ಬ್ಲಾಕಿಗೆ ಕೂರುವ ಎರಡು ಕಡೆ, ಕಾರ್ಬುರೇಟರ್ ಫ್ಲ್ಯಾಂಜ್‌ನ ಪ್ಯಾಕಿಂಗ್, ಎಂಜಿನ್‌ಗೆ ಹೋಗುವ ಮಿಶ್ರಣ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ತಟ್ಟೆಯ ಸವೆದ ಶಾಫ್ಟ್, ಇಷ್ಟೇ ಅನುಮಾನದ ಜಾಗಗಳು. ಐಡ್ಲಿಂಗ್‌ನಲ್ಲಿ, ಎಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಒಂದೊಂದು ಕೂಡಿಗೂ ಆಯಿಲ್ ಕ್ಯಾನ್‌ನಿಂದ ಎಂಜಿನ್ ಆಯಿಲ್ ಬಿಡಿ. ಎಂಜಿನ್ ಸದ್ದು ಬದಲಾದ ಜಾಗದಲ್ಲೇ ಸೋರಿಕೆ. ಪೆಟ್ರೋಲು ಚಿಮುಕಿಸಿ ನೋಡುವವರೂ ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇದೆ, ದಯವಿಟ್ಟು ಮಾಡಬೇಡಿ. ಹಳೇ ಮ್ಯಾನಿಫೋಲ್ಡ್ ಪ್ಯಾಕಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತದೆ. ಒಣಗಿದ್ದಾಗ ಕೆರೆಯದೆ ಒದ್ದೆ ಮಾಡಿ ತೆಗೆಯಿರಿ.

ಕಾರ್ಬುರೇಟರ್ ಬಿಚ್ಚಿದಾಗ ನೋಡಬೇಕಾದ್ದು

ಟ್ಯಾಂಕಿನ ನಲ್ಲಿ ಮುಚ್ಚಿ, ಬೌಲ್‌ನ ಕೆಳಗಿನ ಡ್ರೇನ್ ತೆರೆದು ಇದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ಬಾಟಲಿಯ ತಳದಲ್ಲಿ ಮುತ್ತಿನಂತೆ ಉರುಳುವುದು ನೀರು, ಕೆಂಪು ಪುಡಿ ಟ್ಯಾಂಕಿನ ತುಕ್ಕು, ಬಿಳಿ ಬೂಷ್ಟು ಸತುವಿನ ಎರಕ ಕೊರೆಯುತ್ತಿರುವುದರ ಗುರುತು.

ಮಿಶ್ರಣದ ಸೂಜಿಯನ್ನು ಪೂರ್ತಿ ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಅದರ ಚೂಪು ಭಾಗದ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಬೇಕು. ಸುತ್ತಲೂ ಬಳೆಯಂಥ ಗೆರೆ ಸಿಕ್ಕಿದರೆ ಹಿಂದಿನವರು ಯಾರೋ ಸ್ಪಾನರ್ ಬಲದಲ್ಲಿ ಮುಚ್ಚಿದ್ದಾರೆ. ಆ ಸೂಜಿಯಿಂದ ಹದ ಸಿಗುವುದಿಲ್ಲ: ಸ್ವಲ್ಪ ತಿರುಗಿಸಿದರೆ ಏನೂ ಆಗದು, ಇನ್ನು ಸ್ವಲ್ಪ ತಿರುಗಿಸಿದರೆ ಒಮ್ಮೆಗೇ ಧಾರೆ. ಎಮೆರಿಯಲ್ಲಿ ತಿಕ್ಕಿ ಸರಿಮಾಡುತ್ತೇನೆಂದು ಹೊರಟರೆ ಇಳಿಜಾರಿನ ಕೋನವೇ ಹಾಳು. ಸೂಜಿ ಮತ್ತು ಅದರ ಸೀಟು ಎರಡನ್ನೂ ಜೋಡಿಯಾಗಿ ಬದಲಿಸಿ. ಹೊಸದನ್ನು ಮುಚ್ಚುವಾಗ ಎರಡೇ ಬೆರಳು, ತಾಗಿದೊಡನೆ ನಿಲ್ಲಿಸಿ.

ಥ್ರಾಟಲ್ ಪಕ್ಕದಲ್ಲಿ ತೆರೆದುಕೊಳ್ಳುವ ಸಣ್ಣ ಲೋ ಸ್ಪೀಡ್ ಟ್ಯೂಬ್ ಐಡ್ಲಿಂಗ್‌ಗೆ ಪೆಟ್ರೋಲು ತರುವ ದಾರಿ. ಇದರಲ್ಲಿ ಗೋಂದು ಕಟ್ಟಿದ್ದರೆ ಓಟದಲ್ಲಿ ಎಂಜಿನ್ ಚೆನ್ನಾಗಿದ್ದು ನಿಂತಲ್ಲಿ ಆರಿಹೋಗುತ್ತದೆ. ಸ್ಪ್ರೇ ಕ್ಲೀನರ್ ಮತ್ತು ಗಾಳಿಯಿಂದ ತೆರೆಯಿರಿ. ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ವಾಪಸು ಬರುವುದಿಲ್ಲ.

ಫ್ಲೋಟ್ ಮಟ್ಟಕ್ಕೆ: ಬೌಲ್ ತೆಗೆದ ದೇಹವನ್ನು ತಲೆಕೆಳಗೆ ಹಿಡಿದಾಗ ಫ್ಲೋಟ್ ಎರಕದ ಅಂಚಿಗೆ ಸಮಾಂತರವಾಗಿ ಕೂರಬೇಕು. ಓರೆಯಿದ್ದರೆ ಹಿಂಜಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ. ಆಮೇಲೆ ಜೋಡಿಸಿ, ಎಂಜಿನ್ ಹಚ್ಚದೆ ನಲ್ಲಿ ತೆರೆದು ಕೆಳಗೊಂದು ಒಣ ಕಾಗದ ಹಾಸಿ ಅರ್ಧ ಗಂಟೆ ಬಿಡಿ. ಕಾಗದ ಒಣಗಿಯೇ ಇರಬೇಕು. ತೊಟ್ಟಿಕ್ಕಿದರೆ ಕಾರಣ ಮೂರರಲ್ಲೊಂದು: ಇನ್‌ಲೆಟ್ (ಫ್ಲೋಟ್ ಮುಚ್ಚುವ) ಸೂಜಿಯ ಸೀಟಿನಲ್ಲಿ ಕಸ, ಭಾರವಾದ ಫ್ಲೋಟ್, ಅಥವಾ ಬೌಲ್ ಬೋಲ್ಟಿನ ಫೈಬರ್ ವಾಷರ್. ತೊಟ್ಟಿಕ್ಕುವ ಕಾರ್ಬುರೇಟರ್ ಇಟ್ಟುಕೊಂಡು ಸೂಜಿ ಹೊಂದಿಸುವುದು ವ್ಯರ್ಥ. ಮೇಲಾಗಿ ಕೆಳಗಿನ ತಗಡಿನ ತಟ್ಟೆಯಲ್ಲಿ ನಿಂತ ಪೆಟ್ರೋಲಿಗೆ ಒಂದು ಕಿಡಿ ಸಾಕು.

ಹೊಂದಿಸುವ ಕ್ರಮ

ಗಾಡಿ ಬಯಲಲ್ಲಿರಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಕೈ ಬ್ರೇಕ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಟಿಯಲ್ಲಿ ನ್ಯೂಟ್ರಲ್ ಸಿಗುವುದೂ ಅದರಿಂದಲೇ. ತಣ್ಣಗಿನ ಆಯಿಲ್‌ಗೆ ಕ್ಲಚ್ ಎಳೆದು ಗಾಡಿ ಮುಂದೆ ತೆವಳಬಹುದು, ಹ್ಯಾಂಡಲ್ ಹೊಡೆಯುವವರ ಮೇಲೆಯೇ ಬಂದೀತು. ಚಕ್ರಕ್ಕೆ ಕಲ್ಲು ಕೊಡಿ.

ಸೂಜಿಯನ್ನು ಹಗುರವಾಗಿ ಮುಚ್ಚಿ, ಅಲ್ಲಿಂದ ಒಂದೂಕಾಲು ಸುತ್ತು ಬಿಚ್ಚಿ. ಇದು ಶುರು ಮಾಡುವ ಜಾಗ ಅಷ್ಟೇ. ಸೂಜಿಯ ಕಡ್ಡಿ ಡ್ಯಾಶ್‌ವರೆಗೆ ಬಂದಿರುತ್ತದೆ: ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಮಿಶ್ರಣ ತೆಳು, ಎಡಕ್ಕೆ ತೆರೆಯುತ್ತದೆ, ಮಿಶ್ರಣ ದಪ್ಪ. ಎಂಜಿನ್ ತಣ್ಣಗಿದ್ದರೆ ಇನ್ನೂ ಕಾಲು ಸುತ್ತು ಎಡಕ್ಕೆ. ಸ್ಪಾರ್ಕ್ ಲಿವರ್, ಎಡಗಡೆಯದು, ಪೂರ್ತಿ ಮೇಲಕ್ಕೆ. ಇದನ್ನು ಮರೆತರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತದೆ. ಥ್ರಾಟಲ್ ಲಿವರ್ ಅದು ಜಾರುವ ಪಟ್ಟಿಯ ಐದಾರು ಹಲ್ಲು ಕೆಳಗೆ. ಸ್ವಿಚ್ ಆಫ್ ಇರುವಾಗಲೇ ಚೋಕ್ ತಂತಿ ಎಳೆದು ಹ್ಯಾಂಡಲನ್ನು ಎರಡು ಮೂರು ಸಲ ಮೇಲಕ್ಕೆಳೆಯಿರಿ. ಚೋಕ್ ಬಿಟ್ಟು, ಸ್ವಿಚ್ ಹಾಕಿ, ಎಡಗೈಯಿಂದ ಒಂದೇ ಎಳೆತ. ಹೆಬ್ಬೆರಳು ಹಿಡಿಕೆಯ ಸುತ್ತ ಬರದೆ ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಹ್ಯಾಂಡಲನ್ನು ಕೆಳಕ್ಕೆ ಒತ್ತಿ ಹೊಡೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಎಂಜಿನ್ ಹಿಡಿದ ಮೇಲೆ ಸ್ಪಾರ್ಕ್ ಲಿವರ್ ಕೆಳಗಿಳಿಸಿ ಹತ್ತು ಹದಿನೈದು ನಿಮಿಷ ಬಿಸಿಯಾಗಲು ಬಿಡಿ. ತಣ್ಣಗಿನ ಎಂಜಿನ್‌ನಲ್ಲಿ ಹೊಂದಿಸಿದ್ದು ಬಿಸಿಯಾದ ಮೇಲೆ ಖಂಡಿತ ದಪ್ಪವಾಗುತ್ತದೆ. ಬಿಸಿಯಾದ ಮೇಲೆ ಫೋರ್ಡ್ ಕೈಪಿಡಿಯ ಕ್ರಮವೇ ಸರಿ: ಥ್ರಾಟಲ್ ಆರನೇ ಹಲ್ಲಿಗೆ, ಸ್ಪಾರ್ಕ್ ನಾಲ್ಕನೇ ಹಲ್ಲಿಗೆ. ಈಗ ಸೂಜಿಯನ್ನು ಬಲಕ್ಕೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ. ಪ್ರತಿ ಸಲ ತಿರುಗಿಸಿ ಐದಾರು ಸೆಕೆಂಡು ಕಾಯಿರಿ. ಮ್ಯಾನಿಫೋಲ್ಡ್ ಗೋಡೆಗೆ ಹತ್ತಿದ ಪೆಟ್ರೋಲು ಖಾಲಿಯಾಗುವವರೆಗೆ ನಿಜ ತಿಳಿಯುವುದಿಲ್ಲ. ಎಂಜಿನ್ ಮಿಸ್ ಹೊಡೆಯತೊಡಗಿದಾಗ ನಿಲ್ಲಿಸಿ. ಅಲ್ಲಿಂದ ಎಡಕ್ಕೆ ಹಾಗೇ ನಿಧಾನ ತೆರೆಯುತ್ತ ಹೋದರೆ ವೇಗ ಏರುತ್ತದೆ, ಒಂದು ಕಡೆ ನಿಲ್ಲುತ್ತದೆ, ಇನ್ನೂ ತೆರೆದರೆ ಕುಂಟುತ್ತ ಇಳಿಯುತ್ತದೆ. ವೇಗ ಅತಿ ಹೆಚ್ಚಾದ, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆಯ ಸುಳಿವೂ ಇಲ್ಲದ ಜಾಗವೇ ಬೇಕಾದ್ದು. ಆ ಜಾಗ ಅಗಲವಾಗಿ ಕಂಡರೆ ತೆಳು ಕಡೆಯ ಅಂಚಿಗೆ ಹತ್ತಿರ ಇಡಿ. ಡ್ಯಾಶ್ ಮೇಲಿನ ಗುಬ್ಬಿಗೂ ಹಲಗೆಗೂ ಬಣ್ಣದ ಚುಕ್ಕೆ ಇಟ್ಟರೆ ದಾರಿಯಲ್ಲಿ ಕಣ್ಣು ಮುಚ್ಚಿಯೂ ವಾಪಸು ಬರಬಹುದು.

ಇನ್ನು ಥ್ರಾಟಲ್ ಲಿವರ್ ಪೂರ್ತಿ ಮೇಲಕ್ಕೆ ಹಾಕಿ, ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಇಳಿಸಿ. ಈ ಕಾರ್ಬುರೇಟರ್‌ಗೆ ಐಡ್ಲಿಂಗ್ ಮಿಶ್ರಣಕ್ಕೆ ಪ್ರತ್ಯೇಕ ಸ್ಕ್ರೂ ಇಲ್ಲ. ಐಡ್ಲಿಂಗ್ ಚೆಂದ ಕಾಣಲೆಂದು ಸೂಜಿ ತೆರೆದಿಟ್ಟರೆ ರಸ್ತೆಯಲ್ಲಿ ಪೆಟ್ರೋಲು ಕುಡಿಯುತ್ತದೆ, ಮಸಿ ಕಟ್ಟುತ್ತದೆ. ರಸ್ತೆಗೆ ಹೊಂದಿಸಿ, ನಿಂತಲ್ಲಿ ಸ್ವಲ್ಪ ಒರಟಾದರೆ ಆಗಲಿ.

ಕೊನೆಯ ಹದ ರಸ್ತೆಯಲ್ಲೇ. ಸಮತಟ್ಟು ದಾರಿಯಲ್ಲಿ 35-40 ಕಿಲೋಮೀಟರ್ ವೇಗದಲ್ಲಿ, ಸ್ಪಾರ್ಕ್ ಲಿವರ್ ಕೆಳಗಿದ್ದಾಗ ಸೂಜಿಯನ್ನು ಬಲಕ್ಕೆ ತಿರುಗಿಸುತ್ತ ಎಳೆತ ಸಪ್ಪೆಯಾಗುವ ಜಾಗ ಹಿಡಿಯಿರಿ, ಅಲ್ಲಿಂದ ಒಂದು ಸುತ್ತಿನ ಎಂಟನೇ ಒಂದು ಭಾಗ ವಾಪಸು ತೆರೆಯಿರಿ. ಇ20ಗೆ ಬದಲಾದಾಗಲೂ ಬೇಕಾಗುವ ಹೆಚ್ಚುವರಿ ತೆರೆಯುವಿಕೆ ಹೆಚ್ಚುಕಡಿಮೆ ಇಷ್ಟೇ.

ಘಟ್ಟ, ಮಳೆ, ಬಿಸಿಲು

ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು ಶೇ. 10 ಹಗುರ, ಮಿಶ್ರಣ ಅದರ ಅರ್ಧದಷ್ಟು, ಎಂದರೆ ಶೇ. 5 ದಪ್ಪ. ಮಂಗಳೂರಿನಲ್ಲಿ ಹೊಂದಿಸಿದ ಗಾಡಿ ಮಡಿಕೇರಿಯಲ್ಲಿ ಸ್ವಲ್ಪ ಮಸಿ ಕಾರುವುದು ಸಹಜ; ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಇಳಿದ ಮೇಲೆ ಚುಕ್ಕೆಗೆ ವಾಪಸು ತನ್ನಿ. ಕರಾವಳಿಯಲ್ಲಿ ಹಳೇ ಪೆಟ್ರೋಲಿಗೆ ಹೊಂದಿಸಿದ್ದ ಗಾಡಿಗೆ ಇ20 ಹಾಕಿಸಿಕೊಂಡು ಘಟ್ಟ ಹತ್ತಿದವರಿಗೆ ಮಾತ್ರ ಒಂದು ತಪ್ಪು ಇನ್ನೊಂದನ್ನು ತಿಂದುಹಾಕಿ ಎಂಜಿನ್ ಸರಿಯಾಗಿಯೇ ಓಡೀತು.

ಘಟ್ಟದಲ್ಲಿ ಅದಕ್ಕಿಂತ ದೊಡ್ಡ ತೊಡಕು ಟ್ಯಾಂಕ್ ಸೀಟಿನ ಕೆಳಗಿರುವುದು. ಕಡಿದಾದ ಏರಿನಲ್ಲಿ ಕಾರ್ಬುರೇಟರ್ ಟ್ಯಾಂಕಿನ ಮಟ್ಟಕ್ಕೇ ಏರಿ ಪೆಟ್ರೋಲು ಹರಿಯುವುದೇ ನಿಲ್ಲುತ್ತದೆ. ಆ ಕಾಲದಲ್ಲಿ ರಿವರ್ಸ್‌ನಲ್ಲಿ ಗುಡ್ಡ ಹತ್ತಿಸುತ್ತಿದ್ದುದು ಇದಕ್ಕೇ, ಜತೆಗೆ ರಿವರ್ಸ್ ಗೇರಿನ ಬಲವೂ ಲೋ ಗೇರಿಗಿಂತ ಹೆಚ್ಚು. ಆಗುಂಬೆಯ ತಿರುವಿನಲ್ಲಿ ಹಿಂದಕ್ಕೆ ಹತ್ತುವ ಸಾಹಸ ಈಗ ಬೇಡ. ಘಟ್ಟದ ಬುಡದಲ್ಲೇ ಅರ್ಧ ಟ್ಯಾಂಕಿಗಿಂತ ಹೆಚ್ಚು ಇರುವಂತೆ ನೋಡಿಕೊಳ್ಳಿ. 1926-27ರ ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕ್ ಡ್ಯಾಶ್ ಮುಂದಕ್ಕೆ ಬಂದು ಈ ಸಮಸ್ಯೆ ತೀರಿತು.

ಎಕ್ಸಾಸ್ಟ್ ಪಕ್ಕದಿಂದ ಕಾರ್ಬುರೇಟರ್ ಬಾಯಿಗೆ ಬರುವ ಬಿಸಿಗಾಳಿ ಕೊಳವೆಯನ್ನು ನಮ್ಮಲ್ಲಿ ಅನೇಕರು ಕಿತ್ತು ಅಟ್ಟಕ್ಕೆ ಹಾಕಿರುತ್ತಾರೆ. ಏಪ್ರಿಲ್ ತಿಂಗಳ ರಾಯಚೂರಿಗೆ ಅದು ಸರಿ. ಜುಲೈ ತಿಂಗಳ ಮಲೆನಾಡಿಗಲ್ಲ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಎಥನಾಲ್ ಅದರ ಎರಡು ಪಟ್ಟಿಗೂ ಹೆಚ್ಚು. ತೇವ ತುಂಬಿದ ತಂಪು ಗಾಳಿಯಲ್ಲಿ ಥ್ರಾಟಲ್ ತಟ್ಟೆಯ ಸುತ್ತ ಮಂಜುಗಡ್ಡೆಯೇ ಕಟ್ಟಬಹುದು. ಗಾಡಿ ನಿಧಾನಕ್ಕೆ ಉಸಿರುಗಟ್ಟಿ ನಿಂತು, ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗಿ, ಬಿಚ್ಚಿ ನೋಡಿದರೆ ಏನೂ ಸಿಗದಿದ್ದರೆ ಅನುಮಾನಿಸಬೇಕಾದ್ದು ಇದನ್ನೇ. ಮಳೆಗಾಲಕ್ಕೆ ಕೊಳವೆ ವಾಪಸು ಹಾಕಿ.

ಬೇಸಗೆಯ ತೊಂದರೆ ಪೈಪಿನೊಳಗೆ ಆವಿ ಕಟ್ಟುವುದು. ಪೈಪ್ ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಒಂದೇ ಸಮನೆ ಇಳಿಯಬೇಕು. ನಡುವೆ ಗೂನು ಇದ್ದರೆ ಆವಿ ಅಲ್ಲೇ ಕೂರುತ್ತದೆ. ಎಕ್ಸಾಸ್ಟ್‌ನಿಂದ ದೂರ ಬಗ್ಗಿಸಿ. ದಾರಿಯಲ್ಲಿ ನಿಂತರೆ ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಉಪಾಯ.

ತಪ್ಪು ಹಿಡಿಯುವ ಬಗೆ

ಓಡುವಾಗ ಎಂಜಿನ್ ತಡವರಿಸಿದರೆ ಚೋಕ್ ತುಸು ಎಳೆಯಿರಿ. ಚೇತರಿಸಿಕೊಂಡರೆ ಪೆಟ್ರೋಲು ಸಾಲುತ್ತಿಲ್ಲ ಅಥವಾ ಗಾಳಿ ಸೋರುತ್ತಿದೆ. ಇನ್ನೂ ಕೆಟ್ಟರೆ ಮಿಶ್ರಣ ದಪ್ಪ. ಏನೂ ವ್ಯತ್ಯಾಸವಾಗದಿದ್ದರೆ ಸ್ಪಾರ್ಕ್ ಕಡೆ ಹೋಗಿ. ಕಾರ್ಬುರೇಟರ್ ಬಾಯಿಂದ ‘ಫಟ್’ ಎಂದರೆ ತೆಳು ಮಿಶ್ರಣ: ಅದು ನಿಧಾನ ಉರಿಯುವುದರಿಂದ ಇನ್‌ಟೇಕ್ ವಾಲ್ವ್ ಮತ್ತೆ ತೆರೆಯುವಾಗಲೂ ಒಳಗೆ ಜ್ವಾಲೆ ಉಳಿದಿರುತ್ತದೆ. ದಪ್ಪ ಮಿಶ್ರಣದ ಗುರುತು ಕುದುರೆ ನಡೆಯಂಥ ಏರಿಳಿತದ ಐಡ್ಲಿಂಗ್, ಕಪ್ಪು ಹೊಗೆ, ಪ್ಲಗ್ ಮೇಲೆ ಒಣ ಮಸಿ. ಸೀಸವಿಲ್ಲದ ಎಥನಾಲ್ ಪೆಟ್ರೋಲಿನಲ್ಲಿ ಪ್ಲಗ್ ಹಳೇ ಪುಸ್ತಕಗಳು ಹೇಳುವ ಕಾಫಿ ಬಣ್ಣಕ್ಕೆ ಬರುವುದಿಲ್ಲ, ಬಿಳಿಚಾಗಿಯೇ ಇರುತ್ತದೆ. ಬಣ್ಣ ನೋಡಿ ಹೆದರಿ ಸೂಜಿ ತೆರೆಯಬೇಡಿ.

ಸೂಜಿ ಎರಡು ಸುತ್ತಿಗಿಂತ ಹೆಚ್ಚು ತೆರೆದರಷ್ಟೇ ಓಡುತ್ತದೆ ಎಂದಾದರೆ ಹರಿವಿನ ದಾರಿಯಲ್ಲಿ ತಡೆ ಇದೆ ಅಥವಾ ಗಾಳಿ ಸೋರಿಕೆ ಇದೆ. ಪೂರ್ತಿ ಮುಚ್ಚಿದರೂ ಎಂಜಿನ್ ನಿಲ್ಲದಿದ್ದರೆ ಸೂಜಿ ಸೀಟು ಹೋಗಿದೆ. ರೇಡಿಯೇಟರ್ ಕುದಿದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಾದರೆ ಮೊದಲು ಸ್ಪಾರ್ಕ್ ಲಿವರ್ ನೋಡಿ. ಅದನ್ನು ಮೇಲೇ ಬಿಟ್ಟು ಓಡಿಸಿದರೆ ಎಂಥ ಮಿಶ್ರಣವಾದರೂ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಸೂಜಿ ಇಲ್ಲದ, ಜೆಟ್ ಬದಲಿಸುವ ಕಾರ್ಬುರೇಟರ್ ಇರುವವರಿಗೆ ಲೆಕ್ಕ ಹೀಗೆ. ಸೊಲೆಕ್ಸ್ ಎಂಬ ಕಂಪನಿಯ ಕಾರ್ಬುರೇಟರಿನ ಮೇನ್ ಜೆಟ್ ಮೇಲಿನ ಸಂಖ್ಯೆ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಇ20ಗೆ ಶೇ. 7 ಹೆಚ್ಚು ಇಂಧನ ಬೇಕೆಂದರೆ ವ್ಯಾಸ ಅದರ ಅರ್ಧ, ಶೇ. 3.5 ಏರಿದರೆ ಸಾಕು. 100ರ ಜೆಟ್ ಇದ್ದರೆ 105 ಹಾಕಿ ನೋಡಿ, 110ಕ್ಕೆ ಹಾರಬೇಡಿ.

ಗಾಡಿ ನಿಲ್ಲಿಸುವಾಗ ಪ್ರತಿ ಸಲವೂ ಟ್ಯಾಂಕಿನ ನಲ್ಲಿ ಮುಚ್ಚಿ. ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ನಲ್ಲಿ ಮುಚ್ಚಿಯೇ ಎಂಜಿನ್ ಓಡಿಸಿ ಬೌಲ್ ಖಾಲಿಯಾಗಿ ತಾನೇ ಆರಲಿ, ಆಮೇಲೆ ಡ್ರೇನ್ ತೆರೆದು ಉಳಿದದ್ದನ್ನೂ ಇಳಿಸಿ. ಮಳೆಗಾಲದಲ್ಲಿ ಓಡಿಸುತ್ತಿದ್ದರೆ ಟ್ಯಾಂಕ್ ತುಂಬಿರಲಿ, ಖಾಲಿ ಜಾಗದ ತೇವಗಾಳಿಯೇ ನೀರಾಗುವುದು. ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವ ಗಾಡಿಯ ಟ್ಯಾಂಕ್ ಪೂರ್ತಿ ಬರಿದು ಮಾಡಿ, ತೆಗೆದ ಪೆಟ್ರೋಲನ್ನು ದಿನಬಳಕೆಯ ಸ್ಕೂಟರ್‌ಗೆ ಹಾಕಿಬಿಡಿ.